ದಂಡ ಹೋಯಿತು, ಶೀಲ ಉಳಿದಿದೆ: ಮಾಸ್ಕ್ ಹಾಕುವುದೋ, ಬಿಡುವುದೋ?



*ಇಂದಿನ ಧಮ್ಮ ಚಿಂತನೆ*
(ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ನಮ್ಮ ಅಧ್ಯಯನ ಬಳಗದ ಬಂಧುಗಳಿಗೆ)

ಧಮ್ಮ ಬಂಧುಗಳೇ,

ಇವತ್ತಿನ ವಿಷಯ ನೋಡಲು ಸಣ್ಣದು. ಒಂದು ಮೊಳ ಬಟ್ಟೆಯೂ ಬೇಡದ ಮಾಸ್ಕಿನ ವಿಷಯ. ಆದರೆ ಈ ಸಣ್ಣ ವಸ್ತುವಿನ ಮೇಲೆ ನಮ್ಮ ಪಂಚಶೀಲ ನಿಜವಾಗಿ ಎಷ್ಟು ಗಟ್ಟಿ ಎಂದು ನೋಡಿಕೊಳ್ಳಬಹುದು.

ಕೊರೊನಾದ ನಿರ್ಬಂಧಗಳು ಮುಗಿದು ವರ್ಷಗಳಾದವು. ಈಗ ಬೀರೂರಿನಿಂದ ತರೀಕೆರೆಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಮಾಸ್ಕ್ ಹಾಕಿ ಕೂತರೆ ಪಕ್ಕದವರು ನಗುತ್ತಾರೆ. "ಏನಣ್ಣ, ಕೊರೊನಾ ಇನ್ನೂ ಬಿಟ್ಟಿಲ್ವಾ ನಿಮ್ಮನ್ನ?" ಎನ್ನುತ್ತಾರೆ. ಇನ್ನೊಂದು ಕಡೆ, ಭಾನುವಾರದ ವಂದನೆಗೆ ಒಬ್ಬರು ಕೆಮ್ಮುತ್ತಲೇ ಬಂದು ಎಪ್ಪತ್ತು ದಾಟಿದ ಅಜ್ಜಿಯ ಪಕ್ಕದಲ್ಲೇ ಕೂರುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ಹೇಳಿದರೆ ಬೇಜಾರಾಗುತ್ತಾರೇನೋ ಎಂಬ ಸಂಕೋಚ. ಬಳಗದಲ್ಲಿ ಕೆಲವರು ಕೇಳುತ್ತಿದ್ದಾರೆ: ಸರ್ಕಾರವೇ ಬೇಡ ಎಂದ ಮೇಲೆ ನಾವು ಯಾಕೆ ಹಾಕಬೇಕು? ಹಾಕಿದರೆ ತಪ್ಪೇನು? ಹಾಕದಿದ್ದರೆ ಪಾಪವೇ?

ಒಂದೊಂದಾಗಿ ನೋಡೋಣ.

*1. ನಡೆದದ್ದು ಏನು?*

ಮೊದಲು ನೆನಪನ್ನು ಸರಿಮಾಡಿಕೊಳ್ಳೋಣ. 2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. ಆ ವರ್ಷದ ಏಪ್ರಿಲ್ 14ರಂದು ನಾವೆಲ್ಲ ಮನೆಯಲ್ಲೇ ಬಾಬಾಸಾಹೇಬರ ಫೋಟೋಗೆ ಹೂವಿಟ್ಟು ವಂದಿಸಿದೆವು. 2021ರ ಜಯಂತಿಯ ಹೊತ್ತಿಗೆ ಎರಡನೇ ಅಲೆ ಏರುತ್ತಿತ್ತು. ಮಾಸ್ಕ್ ಹಾಕದವರಿಗೆ ನಮ್ಮ ರಾಜ್ಯದಲ್ಲಿ ದಂಡವಿತ್ತು. 2020ರ ಅಕ್ಟೋಬರ್‌ನಲ್ಲಿ ನಗರಗಳಲ್ಲಿ ಅದನ್ನು 1000 ರೂಪಾಯಿಗೆ, ಉಳಿದ ಕಡೆ 500 ರೂಪಾಯಿಗೆ ಏರಿಸಿದರು. ಜನ ಆಕ್ಷೇಪಿಸಿದಾಗ ಅದೇ ತಿಂಗಳು 250 ಮತ್ತು 100 ರೂಪಾಯಿಗೆ ಇಳಿಸಿದರು.

ವಿಪತ್ತು ನಿರ್ವಹಣಾ ಕಾಯ್ದೆಯಡಿ ಕೇಂದ್ರ ಹೊರಡಿಸಿದ್ದ ಕೋವಿಡ್ ಆದೇಶಗಳು 2022ರ ಮಾರ್ಚ್ 31ಕ್ಕೆ ಮುಗಿದವು. ಮಾಸ್ಕ್ ಹಾಕಿ, ಕೈ ತೊಳೆಯಿರಿ ಎಂಬ ಸಲಹೆ ಮಾತ್ರ ಉಳಿಯಿತು. ಎರಡು ವಾರ ಕಳೆದು ಜಯಂತಿ ಬಂತು. ಜನ ಮತ್ತೆ ಬೀದಿಗೆ ಬಂದರು. ಆಮೇಲೂ ಸೋಂಕು ಏರಿದಾಗಲೆಲ್ಲ ರಾಜ್ಯ ಸರ್ಕಾರ ಮಾಸ್ಕಿನ ಮಾತೆತ್ತಿತು. 2022ರ ಡಿಸೆಂಬರ್‌ನಲ್ಲಿ ಸಿನಿಮಾ ಮಂದಿರ, ಶಾಲೆ, ಕಾಲೇಜುಗಳಲ್ಲಿ ಮಾಸ್ಕ್ ಹಾಕಿ ಎಂದಿತು. 2023ರ ಡಿಸೆಂಬರ್‌ನಲ್ಲಿ 60 ದಾಟಿದವರು ಹಾಗೂ ಹೃದಯ, ಮೂತ್ರಪಿಂಡದಂಥ ಕಾಯಿಲೆ ಇರುವವರು ಮಾಸ್ಕ್ ಹಾಕುವುದು ಒಳ್ಳೆಯದು ಎಂದಿತು.

ಒಂದು ದಿನಾಂಕ ನಮಗೆ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಇನ್ನು ಜಾಗತಿಕ ತುರ್ತುಸ್ಥಿತಿ ಅಲ್ಲ ಎಂದು ಘೋಷಿಸಿದ್ದು 2023ರ ಮೇ 5ರಂದು. ಅದು ಆ ವರ್ಷದ ಬುದ್ಧ ಪೂರ್ಣಿಮೆಯ ದಿನ. ಆದರೆ ರೋಗವೇ ಹೋಯಿತು ಎಂದು ಸಂಸ್ಥೆ ಹೇಳಲಿಲ್ಲ. ತುರ್ತು ಮುಗಿಯಿತು, ರೋಗ ಉಳಿಯುತ್ತದೆ, ಅದರ ಜೊತೆ ಬಾಳುವುದನ್ನು ಕಲಿಯಬೇಕು ಎಂದಿತು.

ಅಂದರೆ ಪೊಲೀಸರ ರಸೀದಿ ಪುಸ್ತಕ ಹೋಯಿತು. ತೀರ್ಮಾನ ನಮ್ಮ ಕೈಗೆ ಬಂತು.

*2. ನಿಯಮ ಬೇರೆ, ತತ್ವ ಬೇರೆ*

ಇಲ್ಲಿ ಬಾಬಾಸಾಹೇಬರು ಕಲಿಸಿದ ಒಂದು ವ್ಯತ್ಯಾಸ ನಮಗೆ ದಾರಿ ತೋರಿಸುತ್ತದೆ. 1936ರ 'ಜಾತಿ ವಿನಾಶ'ದಲ್ಲಿ ಅವರು ನಿಯಮವನ್ನೂ ತತ್ವವನ್ನೂ ಬೇರೆ ಮಾಡಿ ತೋರಿಸುತ್ತಾರೆ. ನಿಯಮ ಹೀಗೇ ಮಾಡು ಎನ್ನುತ್ತದೆ. ತತ್ವ ಹೇಗೆ ತೂಗಿ ನೋಡಬೇಕು ಎಂದು ಕಲಿಸುತ್ತದೆ, ಮಾಡುವುದನ್ನು ನಮಗೆ ಬಿಡುತ್ತದೆ. ನಿಯಮ ಪಾಲಿಸುವವನಿಗೆ ಯೋಚಿಸುವ ಕೆಲಸವಿಲ್ಲ. ತತ್ವ ಪಾಲಿಸುವವನು ಯೋಚಿಸಬೇಕು, ತನ್ನ ಕೆಲಸಕ್ಕೆ ತಾನೇ ಹೊಣೆ ಹೊರಬೇಕು. ಹೊಣೆಯಿಲ್ಲದ ಕಡೆ ಧರ್ಮವೇ ಇಲ್ಲ ಎಂಬುದು ಅವರ ವಾದದ ತಿರುಳು. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅಹಿಂಸೆಯ ಬಗ್ಗೆ ಬರೆಯುವಾಗಲೂ ಇದೇ ಮಾತು: ಬುದ್ಧರು ಅಹಿಂಸೆಯನ್ನು ತತ್ವವಾಗಿ ಕೊಟ್ಟರು, ಕಣ್ಣು ಮುಚ್ಚಿ ಪಾಲಿಸುವ ನಿಯಮವಾಗಿ ಕೊಡಲಿಲ್ಲ.

ನಮ್ಮ ಪಂಚಶೀಲವೂ ಹಾಗೆಯೇ. ಅಲ್ಲಿ ಯಾರೂ ನಮಗೆ ಆಜ್ಞೆ ಮಾಡುವುದಿಲ್ಲ. ಪ್ರಾಣಿಹಿಂಸೆಯಿಂದ ದೂರ ಇರುವ ಶಿಕ್ಷಣವನ್ನು ನಾನೇ ಸ್ವೀಕರಿಸುತ್ತೇನೆ ಎಂದು ನಾವೇ ಹೇಳುತ್ತೇವೆ. ತಪ್ಪಿದರೆ ದಂಡ ಹಾಕುವವರಿಲ್ಲ, ಪಾಪದ ಲೆಕ್ಕ ಬರೆಯುವ ಚಿತ್ರಗುಪ್ತನೂ ಇಲ್ಲ. ನಮ್ಮಿಂದ ಇನ್ನೊಬ್ಬರಿಗೆ ಆಗುವ ಪರಿಣಾಮ ಮಾತ್ರ ಇದೆ.

2022ರವರೆಗೆ ಮಾಸ್ಕ್ ನಿಯಮವಾಗಿತ್ತು. ಈಗ ಅದು ತತ್ವದ ಪ್ರಶ್ನೆ. ನೂರು ರೂಪಾಯಿ ದಂಡಕ್ಕೆ ಹೆದರಿ ಹಾಕಿದ ಮಾಸ್ಕಿನಲ್ಲಿ ಶೀಲ ಇತ್ತೋ ಇಲ್ಲವೋ ಹೇಳಲು ಬರುವುದಿಲ್ಲ. ದಂಡ ಇಲ್ಲದಾಗ ಹಾಕಿದ ಮಾಸ್ಕಿನಲ್ಲಿ ಅದು ಕಾಣುತ್ತದೆ. ಹಾಗೆಯೇ, ಯೋಚಿಸಿ ಬೇಡ ಎಂದು ತೆಗೆದಿಟ್ಟ ಮಾಸ್ಕಿನಲ್ಲೂ ಕಾಣುತ್ತದೆ.

ಹಾಗಾದರೆ ಏನನ್ನು ತೂಗಬೇಕು? 1956ರ ಮೇ ತಿಂಗಳಲ್ಲಿ ಲಂಡನ್ನಿನ ಬಿಬಿಸಿ ರೇಡಿಯೊದಲ್ಲಿ ಬಾಬಾಸಾಹೇಬರು, ಬೇರೆ ಯಾವ ಧರ್ಮದಲ್ಲೂ ಒಟ್ಟಿಗೆ ಸಿಗದ ಮೂರು ಮೌಲ್ಯಗಳಿಗಾಗಿ ತಾವು ಬೌದ್ಧ ಧಮ್ಮವನ್ನು ಮೆಚ್ಚುವುದಾಗಿ ಹೇಳಿದರು. ಪ್ರಜ್ಞೆ, ಕರುಣೆ, ಸಮತೆ. ಈ ಮೂರನ್ನೇ ತಕ್ಕಡಿ ಮಾಡಿಕೊಳ್ಳೋಣ.

*3. ಪ್ರಜ್ಞೆ: ರೋಗಕ್ಕೆ ಕಾರಣ ಉಂಟು*

ಹಿಂದೆ ಊರಿಗೆ ಬೇನೆ ಬಂದರೆ ಮಾರಿ ಮುನಿದಳು ಎಂದರು. ಮಾರಿಯನ್ನು ಗಡಿ ದಾಟಿಸುವ ಕೆಲಸವನ್ನು ನಮ್ಮ ಹಿರಿಯರ ತಲೆಗೆ ಕಟ್ಟಿದರು. ಬೇನೆ ಹೊತ್ತು ಹೋಗುವವರು ನಾವು, ಊರೊಳಗೆ ಉಳಿಯುವವರು ಅವರು. ಬಾಬಾಸಾಹೇಬರ 22 ಪ್ರತಿಜ್ಞೆಗಳನ್ನು ಸ್ವೀಕರಿಸಿದ ದಿನವೇ ನಾವು ಆ ಹೊರೆ ಇಳಿಸಿದೆವು. ಇದು ಇದ್ದರೆ ಅದು ಆಗುತ್ತದೆ, ಇದು ಇಲ್ಲದಿದ್ದರೆ ಅದು ಆಗುವುದಿಲ್ಲ. ಬುದ್ಧರ ಕಾರ್ಯಕಾರಣದ ಪಾಠ ರೋಗಕ್ಕೂ ಅನ್ವಯಿಸುತ್ತದೆ.

ಕೋವಿಡ್, ಫ್ಲೂ, ಕ್ಷಯದಂಥ ರೋಗಗಳು ಉಸಿರಿನ ದಾರಿಯಿಂದ ಹರಡುತ್ತವೆ. ಕೆಮ್ಮಿದಾಗ, ಸೀನಿದಾಗ, ಗಟ್ಟಿಯಾಗಿ ಮಾತಾಡಿದಾಗ ಸಣ್ಣ ಹನಿಗಳು ಹೊರಬರುತ್ತವೆ. ದೊಡ್ಡವು ಬೇಗ ನೆಲಕ್ಕೆ ಬೀಳುತ್ತವೆ. ತೀರಾ ಸಣ್ಣವು ಮುಚ್ಚಿದ ಕೋಣೆಯಲ್ಲಿ ಒಲೆಯ ಹೊಗೆಯಂತೆ ತುಂಬಿಕೊಳ್ಳುತ್ತವೆ. ಕಿಟಕಿ ತೆರೆದರೆ ಹೊಗೆ ಹೋಗುವಂತೆ ಇವೂ ಹೋಗುತ್ತವೆ. ಹೊಲದಲ್ಲಿ, ಮೆರವಣಿಗೆಯಲ್ಲಿ ಅಪಾಯ ಕಡಿಮೆ. ಮಳೆಗಾಲದಲ್ಲಿ ಗಾಜು ಇಳಿಸಿದ ಬಸ್ಸಿನಲ್ಲಿ ಹೆಚ್ಚು. ಕಾರಣ ಇಷ್ಟೇ.

ಮಾಸ್ಕ್ ಎಷ್ಟು ತಡೆಯುತ್ತದೆ? ಇದೇ ವಾಟ್ಸಾಪಿನಲ್ಲಿ ಎರಡು ತರಹದ ಮೆಸೇಜು ಬಂದಿವೆ. ಒಂದು, ಮಾಸ್ಕ್ ಇದ್ದರೆ ಏನೂ ಆಗದು. ಇನ್ನೊಂದು, ಮಾಸ್ಕ್ ಬರೀ ಮೋಸ. ಕೇಸಪುತ್ತದ ಕಾಲಾಮರಿಗೆ ಬುದ್ಧರು ಹೇಳಿದ್ದನ್ನು ನೆನೆಯೋಣ. ಕೇಳಿದ್ದಕ್ಕೆ, ಪರಂಪರೆಗೆ, ಗ್ರಂಥದಲ್ಲಿದೆ ಎಂಬುದಕ್ಕೆ, ಗುರು ಹೇಳಿದ ಎಂಬುದಕ್ಕೆ ತಲೆಬಾಗಬೇಡಿ. ಒಳಿತೋ ಕೆಡುಕೋ ಎಂದು ನೀವೇ ಪರೀಕ್ಷಿಸಿ ಎಂಬುದು ಆ ಉಪದೇಶದ ಸಾರ. ಫಾರ್ವರ್ಡ್ ಮೆಸೇಜಿಗೂ ಇದು ಅನ್ವಯ. ಈ ಮೆಸೇಜಿಗೂ.

ಪರೀಕ್ಷೆ ಮಾಡಿದವರಿದ್ದಾರೆ. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ, ಸುಮಾರು 3.4 ಲಕ್ಷ ವಯಸ್ಕರ ನಡುವೆ, 2020ರ ಕೊನೆಯಿಂದ 2021ರ ಮೊದಲ ತಿಂಗಳುಗಳವರೆಗೆ ಒಂದು ದೊಡ್ಡ ಅಧ್ಯಯನ ನಡೆಯಿತು. ಕೆಲವು ಹಳ್ಳಿಗಳಿಗೆ ಮಾಸ್ಕ್ ಉಚಿತವಾಗಿ ಕೊಟ್ಟು, ಮತ್ತೆ ಮತ್ತೆ ನೆನಪಿಸಿದರು. ಕೆಲವಕ್ಕೆ ಕೊಡಲಿಲ್ಲ. ಕೊಡದ ಹಳ್ಳಿಗಳಲ್ಲಿ ನೂರಕ್ಕೆ 13 ಜನ ಸರಿಯಾಗಿ ಮಾಸ್ಕ್ ಹಾಕುತ್ತಿದ್ದರು, ಕೊಟ್ಟ ಕಡೆ 42 ಜನ. ಅಷ್ಟಕ್ಕೇ, ಲಕ್ಷಣ ಕಾಣಿಸಿಕೊಂಡು ರಕ್ತಪರೀಕ್ಷೆಯಲ್ಲೂ ಖಚಿತವಾದ ಸೋಂಕು ಸುಮಾರು ಹತ್ತನೇ ಒಂದು ಭಾಗ ಇಳಿಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ 60 ದಾಟಿದವರಲ್ಲಿ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಬಟ್ಟೆಯ ಮಾಸ್ಕಿನ ಲಾಭ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ.

ಇನ್ನೊಂದು ಪಕ್ಕವನ್ನೂ ಹೇಳಬೇಕು. 2023ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಕಾಕ್ರೇನ್ ಸಂಸ್ಥೆಯ ಪರಿಶೀಲನೆಯಲ್ಲಿ, ಜನರಿಗೆ ಮಾಸ್ಕ್ ಹಾಕಿ ಎಂದು ಹೇಳುವುದರಿಂದ ಸೋಂಕು ಎಷ್ಟು ಇಳಿಯುತ್ತದೆ ಎಂಬುದು ಖಚಿತವಾಗಲಿಲ್ಲ. ಮಾಸ್ಕ್ ಕೆಲಸ ಮಾಡುವುದಿಲ್ಲ ಎಂದು ಅದನ್ನು ಹಲವರು ಹಬ್ಬಿಸಿದರು. ಆಗ ಸಂಸ್ಥೆಯ ಮುಖ್ಯ ಸಂಪಾದಕರೇ ಅದು ತಪ್ಪು ಅರ್ಥ ಎಂದು ಸ್ಪಷ್ಟಪಡಿಸಬೇಕಾಯಿತು.

ಎರಡನ್ನೂ ಸೇರಿಸಿ ನೋಡಿದರೆ ಸಿಗುವ ತಿಳಿವು ಇದು. ಮಾಸ್ಕ್ ಮಂತ್ರದ ತಾಯಿತವಲ್ಲ, ನಿಷ್ಪ್ರಯೋಜಕವೂ ಅಲ್ಲ. ಒಳ್ಳೆಯ ಮಾಸ್ಕನ್ನು, ಸರಿಯಾದ ಜಾಗದಲ್ಲಿ, ಮೂಗು ಬಾಯಿ ಎರಡೂ ಮುಚ್ಚುವಂತೆ ಹಾಕಿದರೆ ಉಪಯೋಗ. ಹೆಚ್ಚು ಉಪಯೋಗ ವಯಸ್ಸಾದವರಿಗೆ. ಮಧ್ಯಮ ಮಾರ್ಗ ಎಂದರೆ ಮೂಗು ಬಿಟ್ಟು ಬಾಯಿಗೆ ಮಾತ್ರ ಕಟ್ಟಿಕೊಳ್ಳುವುದಲ್ಲ! 😊 ಬೇಕಾದಾಗ ಪೂರ್ತಿ ಹಾಕುವುದು, ಬೇಡವಾದಾಗ ಪೂರ್ತಿ ತೆಗೆಯುವುದು.

*4. ಕರುಣೆ: ಯಾರ ಕೆಲಸಕ್ಕೂ ಬಾರದ ಭಿಕ್ಖು*

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಘಟನೆ ಬರುತ್ತದೆ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರೂ ಇದನ್ನು ಸೇರಿಸಿದ್ದಾರೆ. ಒಬ್ಬ ಭಿಕ್ಖು ಹೊಟ್ಟೆಬೇನೆಯಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಬುದ್ಧರು ಆನಂದನ ಜೊತೆ ಅಲ್ಲಿಗೆ ಬಂದರು. ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಕೇಳಿದರು. ಇಲ್ಲ, ನಾನು ಉಳಿದ ಭಿಕ್ಖುಗಳಿಗೆ ಏನೂ ಉಪಕಾರ ಮಾಡಿದವನಲ್ಲ, ಅದಕ್ಕೇ ಯಾರೂ ನೋಡುವುದಿಲ್ಲ ಎಂದ. ಆನಂದ ನೀರು ತಂದ. ಬುದ್ಧರು ನೀರು ಸುರಿದರು, ಆನಂದ ಮೈ ತೊಳೆದ. ಬುದ್ಧರು ತಲೆಯ ಕಡೆ, ಆನಂದ ಕಾಲಿನ ಕಡೆ ಹಿಡಿದು ಅವನನ್ನು ಎತ್ತಿ ಮಲಗಿಸಿದರು. ಆಮೇಲೆ ಭಿಕ್ಖುಗಳನ್ನು ಕರೆದು, ನಿಮಗೆ ಇಲ್ಲಿ ತಾಯಿಯೂ ಇಲ್ಲ, ತಂದೆಯೂ ಇಲ್ಲ. ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ಯಾರು ನೋಡುತ್ತಾರೆ ಎಂದು ಕೇಳಿದರು. ತಮ್ಮ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದರು.

ಆ ಭಿಕ್ಖುವಿನ ಮಾತನ್ನು ಇನ್ನೊಮ್ಮೆ ಓದಿ. *ನಾನು ಯಾರಿಗೂ ಉಪಯೋಗವಿಲ್ಲ, ಆದ್ದರಿಂದ ಯಾರೂ ನೋಡುವುದಿಲ್ಲ.* ಕೊರೊನಾ ಕಾಲದಲ್ಲೂ ಇದೇ ಮಾತು ಬೇರೆ ರೂಪದಲ್ಲಿ ಕೇಳಿಬಂತು. ವಯಸ್ಸಾದವರು ತಾನೇ ಹೋಗುವುದು, ಸಕ್ಕರೆ ಕಾಯಿಲೆ ಇದ್ದವರು ತಾನೇ ಹೋಗುವುದು ಎಂದರು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರು, ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರು, ದಮ್ಮಿನ ಅಜ್ಜ ನಮ್ಮ ನಡುವೆ ಇದ್ದಾರೆ. ನಿರ್ಬಂಧ ಮುಗಿದದ್ದು ನಮಗೆ. ಅವರ ದೇಹಕ್ಕೆ ಯಾವ ಆದೇಶವೂ ತಲುಪಿಲ್ಲ.

ಸಾವಿತ್ರಿಬಾಯಿ ಫುಲೆ ತಾಯಿಯನ್ನೂ ನೆನೆಯಬೇಕು. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಬಂದಾಗ ಮಗ ಯಶವಂತರ ಜೊತೆ ರೋಗಿಗಳ ಆರೈಕೆಗೆ ನಿಂತರು. ಅದೇ ಪ್ಲೇಗ್ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ನಮ್ಮಿಂದ ಯಾರೂ ಅಷ್ಟು ದೊಡ್ಡ ತ್ಯಾಗ ಕೇಳುತ್ತಿಲ್ಲ. ಕೆಮ್ಮು ಇದ್ದಾಗ ಒಂದು ತಾಸು ಮಾಸ್ಕ್ ಹಾಕಿ ಎನ್ನುತ್ತಿದೆ ಕರುಣೆ.

ಸಂಯುತ್ತ ನಿಕಾಯದ ಸೇದಕ ಸುತ್ತದಲ್ಲಿ ದೊಂಬರಾಟದ ಕಥೆಯಿದೆ. ಬಿದಿರ ಗಳದ ಮೇಲೆ ಆಟವಾಡುವ ಗುರು, ಶಿಷ್ಯೆಗೆ ಹೇಳುತ್ತಾನೆ: ನೀನು ನನ್ನನ್ನು ನೋಡಿಕೊ, ನಾನು ನಿನ್ನನ್ನು ನೋಡಿಕೊಳ್ಳುತ್ತೇನೆ. ಹಾಗಲ್ಲ ಗುರುವೇ, ಇಬ್ಬರೂ ತಮ್ಮ ತಮ್ಮ ತೂಕ ಕಾಯ್ದುಕೊಂಡರೆ ಇಬ್ಬರೂ ಕ್ಷೇಮವಾಗಿ ಕೆಳಗಿಳಿಯುತ್ತೇವೆ ಎಂಬ ಉತ್ತರ ಬರುತ್ತದೆ. ಬುದ್ಧರು ಆ ಉತ್ತರವನ್ನು ಒಪ್ಪಿ ಇನ್ನೊಂದು ಸೇರಿಸುತ್ತಾರೆ. ತನ್ನನ್ನು ಕಾಯುವವನು ಪರರನ್ನೂ ಕಾಯುತ್ತಾನೆ; ತಾಳ್ಮೆ, ಅಹಿಂಸೆ, ಮೈತ್ರಿಯಿಂದ ಪರರನ್ನು ಕಾಯುವವನು ತನ್ನನ್ನೂ ಕಾಯುತ್ತಾನೆ. ಮಾಸ್ಕಿನ ಕೆಲಸವೂ ಇದೇ. ಒಳಗೆ ಬರುವುದನ್ನೂ ತಡೆಯುತ್ತದೆ, ಹೊರಗೆ ಹೋಗುವುದನ್ನೂ ತಡೆಯುತ್ತದೆ. (ಉಸಿರು ಬಿಡಲು ವಾಲ್ವ್ ಇರುವ ಮಾಸ್ಕ್ ಮಾತ್ರ ಹಾಕಿದವರನ್ನೇ ಹೆಚ್ಚು ಕಾಯುತ್ತದೆ. ನಿಮಗೆ ಕೆಮ್ಮು ಇದ್ದರೆ ಅದು ಬೇಡ.)

*5. ಸಮತೆ: ಕೊರಳ ಮಡಕೆಯೂ ಮುಖದ ಮಾಸ್ಕೂ ಒಂದೇ ಅಲ್ಲ*

ಈಗ ನಮ್ಮವರು ಮಾತ್ರ ಕೇಳಬಹುದಾದ ಪ್ರಶ್ನೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಿತ್ತು, ಹೆಜ್ಜೆ ಅಳಿಸಲು ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕಿತ್ತು ಎಂದು 'ಜಾತಿ ವಿನಾಶ'ದಲ್ಲಿ ಓದಿದ್ದೇವೆ. ಬಾಯಿ ಮುಚ್ಚಿಕೊ, ದೂರ ನಿಲ್ಲು ಎಂಬ ಮಾತು ನಮಗೆ 2020ರಲ್ಲಿ ಹೊಸದಾಗಿ ಬಂದದ್ದಲ್ಲ. 'ಸಾಮಾಜಿಕ ಅಂತರ' ಎಂಬ ಪದ ಟಿವಿಯಲ್ಲಿ ಕೇಳಿದಾಗ ನಮ್ಮ ಎಷ್ಟೋ ಜನರಿಗೆ ಎದೆ ಚುರುಕ್ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ಆ ಪದ ಬಿಟ್ಟು 'ದೈಹಿಕ ಅಂತರ' ಎನ್ನತೊಡಗಿತು. ನಮ್ಮ ಬಳಗದಲ್ಲೂ ಅದೇ ಪದ ಬಳಸೋಣ.

ಹಾಗಾದರೆ ಮಾಸ್ಕ್ ಎಂದರೆ ಹೊಸ ಮಡಕೆಯೇ? ಅಲ್ಲ. ವ್ಯತ್ಯಾಸ ಎರಡು. ಮಡಕೆಗೆ ಕಾರಣ ಹುಟ್ಟು, ಅಂದರೆ ಸುಳ್ಳು. ಮಾಸ್ಕಿಗೆ ಕಾರಣ ರೋಗಾಣು, ಪರೀಕ್ಷಿಸಿ ನೋಡಬಹುದಾದ ಸತ್ಯ. ಮಡಕೆ ಒಬ್ಬರ ಕೊರಳಿಗೆ ಮಾತ್ರ, ಅದೂ ಸಾಯುವ ತನಕ. ಮಾಸ್ಕ್ ಎಲ್ಲರ ಮುಖಕ್ಕೆ, ಅಗತ್ಯ ಇರುವಷ್ಟು ಹೊತ್ತು.

ಆದರೆ ಎಚ್ಚರ. ಈ ಎರಡು ವ್ಯತ್ಯಾಸ ಅಳಿದರೆ ಮಾಸ್ಕ್ ಮಡಕೆಯಾಗುತ್ತದೆ. ಮನೆಯ ಯಜಮಾನ ಹಾಕದೆ ಕೆಲಸದವಳು ಮಾತ್ರ ಹಾಕಿ ಬರಬೇಕು ಎಂದರೆ, ತೋಟದ ಮಾಲೀಕರು ಬರೀ ಮುಖದಲ್ಲಿ ನಿಂತು ಅಡಿಕೆ ಸುಲಿಯಲು ಬಂದವರು ಮಾತ್ರ ಮುಚ್ಚಿಕೊಳ್ಳಬೇಕು ಎಂದರೆ, ಅದು ಆರೋಗ್ಯದ ಮಾತಲ್ಲ. ಅಲ್ಲಿ ಕೇಳುವ ಹಕ್ಕು ನಮಗಿದೆ: ರೋಗದ ಕಾರಣಕ್ಕಾದರೆ ಇಬ್ಬರೂ ಹಾಕೋಣ.

ಇದರ ಇನ್ನೊಂದು ಮುಖವೂ ಇದೆ. ಬಳಸಿದ ಮಾಸ್ಕನ್ನು ರಸ್ತೆಗೆ, ಚರಂಡಿಗೆ ಎಸೆದರೆ ಬೆಳಿಗ್ಗೆ ಅದನ್ನು ಎತ್ತುವ ಕೈ ಪೌರಕಾರ್ಮಿಕರದು. ಅವರಲ್ಲಿ ಬಹುಪಾಲು ಜನ ನಮ್ಮವರೇ. ಮುಖಕ್ಕೆ ಮಾಸ್ಕ್ ಹಾಕಿ ಕರುಣೆ ತೋರಿಸಿ, ಅದನ್ನೇ ಬೀದಿಗೆ ಎಸೆದರೆ ಸಮತೆ ಅಲ್ಲಿಗೆ ಮುಗಿಯಿತು. ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಿ.

*6. ಹಾಗಾದರೆ ಏನು ಮಾಡುವುದು?*

ಇವು ನಿಯಮಗಳಲ್ಲ, ತೂಗಿ ನೋಡಲು ಸಹಾಯ.

✅ *ಜ್ವರ, ಕೆಮ್ಮು, ನೆಗಡಿ ಇದ್ದರೆ:* ವಂದನೆಗೆ ಬರದೆ ಮನೆಯಲ್ಲೇ ಇರುವುದೂ ಶೀಲವೇ. ಹೊರಗೆ ಹೋಗಲೇಬೇಕಾದರೆ ಮಾಸ್ಕ್ ಹಾಕಿ.

✅ *ಆಸ್ಪತ್ರೆಗೆ, ರೋಗಿಯನ್ನು ನೋಡಲು, ಬಾಣಂತಿ ಮನೆಗೆ ಹೋಗುವಾಗ:* ಹಾಕಿ. ಕೇಳುವವರೆಗೆ ಕಾಯಬೇಡಿ.

✅ *60 ದಾಟಿದವರು, ದೀರ್ಘ ಕಾಯಿಲೆ ಇರುವವರು:* ತುಂಬಿದ ಬಸ್ಸು, ರೈಲು, ಮದುವೆ ಹಾಲ್‌ಗಳಲ್ಲಿ ಹಾಕುವುದು ಒಳ್ಳೆಯದು. ಸರ್ಜಿಕಲ್ ಅಥವಾ ಎನ್-95 ಇದ್ದರೆ ಉತ್ತಮ.

✅ *ವಂದನೆ ನಡೆಯುವ ಮನೆ:* ಮೊದಲು ಕಿಟಕಿ ಬಾಗಿಲು ತೆರೆಯಿರಿ. ಸಾಧ್ಯವಾದರೆ ಜಗುಲಿಯಲ್ಲಿ, ಅಂಗಳದಲ್ಲಿ ಕೂರಿ.

✅ *ಹೊಲ, ತೋಟ, ಬಯಲ ಸಭೆ:* ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ ಬೇಕಿಲ್ಲ. ರಾಗಿ ಒಕ್ಕಣೆಯ, ಅಡಿಕೆ ಸುಲಿಯುವ ದೂಳಿಗೆ ಹಾಕಿದರೆ ಅದು ನಿಮ್ಮ ಶ್ವಾಸಕೋಶಕ್ಕೆ ಒಳ್ಳೆಯದು.

✅ *ಐದು ವರ್ಷದೊಳಗಿನ ಮಕ್ಕಳಿಗೆ:* ಬೇಡ. ಕಿವಿ ಕೇಳದವರ ಜೊತೆ ಮಾತಾಡುವಾಗ ಸ್ವಲ್ಪ ದೂರ ನಿಂತು ಮಾಸ್ಕ್ ಇಳಿಸಿ. ಅವರು ನಿಮ್ಮ ತುಟಿ ನೋಡಿ ತಿಳಿಯುತ್ತಾರೆ.

✅ *ಎರಡು ವಾರಕ್ಕಿಂತ ಹೆಚ್ಚು ಕೆಮ್ಮು:* ಮಾಸ್ಕ್ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿದ್ದಾರೆ. ಪರೀಕ್ಷೆ, ಔಷಧಿ ಉಚಿತ. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಕೊಡುತ್ತಾರೆ. ಕ್ಷಯ ಬಂದವರನ್ನು ದೂರ ಮಾಡಬೇಡಿ. ಔಷಧಿ ಸರಿಯಾಗಿ ಶುರುವಾದರೆ ಹರಡುವ ಶಕ್ತಿ ಬೇಗ ಕುಗ್ಗುತ್ತದೆ.

ಇನ್ನೊಂದು ಮಾತು. *ಹಾಕಿದವರನ್ನು ನೋಡಿ ನಗಬೇಡಿ, ಹಾಕದವರನ್ನು ಬೈಯಬೇಡಿ.* ಹಾಕಿದವರ ಮನೆಯಲ್ಲಿ ಯಾರಿಗೆ ಏನಾಗಿದೆಯೋ ನಮಗೆ ಗೊತ್ತಿಲ್ಲ. ಹಾಕದವರಿಗೆ ಉಸಿರಾಟದ ತೊಂದರೆ ಇರಬಹುದು, ಅಥವಾ ಯಾರೂ ತಿಳಿಸಿ ಹೇಳಿಲ್ಲದಿರಬಹುದು. ಕೆಮ್ಮುತ್ತ ಬಂದವರಿಗೆ, "ಅಣ್ಣ, ಇಲ್ಲಿ ಒಂದು ಮಾಸ್ಕ್ ಇದೆ, ಹಾಕ್ಕೊಳ್ಳಿ, ಅಜ್ಜಿಗೆ ಹುಷಾರಿಲ್ಲ" ಎಂದು ಮೆಲ್ಲಗೆ ಹೇಳಿದರೆ ಯಾರೂ ಬೇಜಾರಾಗುವುದಿಲ್ಲ. ಅದು ಸಮ್ಯಕ್ ವಾಚಾ. ವಂದನೆ ನಡೆಯುವ ಮನೆಯಲ್ಲಿ ಹತ್ತು ಮಾಸ್ಕ್ ಇಟ್ಟಿರುವುದು ದಾನ.

*ಇಂದಿನ ಮನನಕ್ಕೆ ಮೂರು ಪ್ರಶ್ನೆ*

1️⃣ ದಂಡ ಇಲ್ಲದಾಗಲೂ ನಾನು ಪಾಲಿಸುವ ಶೀಲ ಯಾವುದು?
2️⃣ ನನ್ನ ಉಸಿರಿನಿಂದ ತೊಂದರೆ ಆಗಬಹುದಾದ ಒಬ್ಬರು ನನ್ನ ಮನೆಯಲ್ಲಿ, ಕೇರಿಯಲ್ಲಿ ಯಾರಿದ್ದಾರೆ?
3️⃣ ನಾನು ಇನ್ನೊಬ್ಬರಿಗೆ ಹೇಳುವ ಎಚ್ಚರಿಕೆಯನ್ನು ಮೊದಲು ನಾನು ಪಾಲಿಸುತ್ತೇನೆಯೇ?

*ಇಂದಿನ ಅಭ್ಯಾಸ:* ಐದು ನಿಮಿಷ ಉಸಿರನ್ನು ಗಮನಿಸಿ ಕೂರಿ. ಒಳಗೆ ಬರುವ ಉಸಿರು ಎಲ್ಲರ ನಡುವೆ ಸುಳಿದು ಬಂದ ಗಾಳಿ. ಹೊರಗೆ ಹೋಗುವ ಉಸಿರು ಎಲ್ಲರ ನಡುವೆ ಹೋಗುವ ಗಾಳಿ. ಗಾಳಿಗೆ ಜಾತಿಯಿಲ್ಲ. ಅದನ್ನು ಶುದ್ಧವಾಗಿ ಇಡುವ ಹೊಣೆಗೂ ಜಾತಿಯಿಲ್ಲ. ಪ್ರಮಾದವಿಲ್ಲದೆ ಬಾಳಿ ಎಂಬುದೇ ತಥಾಗತರ ಕೊನೆಯ ಬೋಧೆಯ ಸಾರವಾಗಿತ್ತು. ಇವತ್ತು ಆ ಎಚ್ಚರವನ್ನು ನಮ್ಮ ಉಸಿರಿನಿಂದಲೇ ಶುರುಮಾಡೋಣ.

ಎಲ್ಲರೂ ಆರೋಗ್ಯವಾಗಿರಲಿ. ಎಲ್ಲರಿಗೂ ಮಂಗಳವಾಗಲಿ.

ಸಾಧು! ಸಾಧು! ಸಾಧು! 🌸

*ನಮೋ ಬುದ್ಧಾಯ | ಜೈ ಭೀಮ್* 💙

_(ಓದಿ, ಪರೀಕ್ಷಿಸಿ, ಸರಿ ಎನ್ನಿಸಿದರೆ ಮಾತ್ರ ಇತರ ಬಂಧುಗಳಿಗೆ ಕಳುಹಿಸಿ.)_